ಕಣ್ಣು ಮಾತ್ರ ಸುಶ್ಮಿತಾಂದು

"ಮಾರಿ ನಂದೇ ಇರಬೌದು ದೊಡ್ಡವ್ವ. ಕಣ್ಣು ನೋಡ್ರಿ. ಕಣ್ಣು ಮಾತ್ರ ಪೂರಾ ಸುಶ್ಮಿತಾಂದು!"

ಸೇಡಂನ ಮದುವೆ ಮಂಟಪದ ಊಟದ ಸಾಲಿನಲ್ಲಿ ಸಾಯಿಕುಮಾರ ಇದನ್ನು ಎಷ್ಟು ಜೋರಾಗಿ ಹೇಳಿದನೆಂದರೆ, ಹೋಳಿಗೆ ಬಡಿಸುತ್ತಿದ್ದವನೂ ಕೈ ತಡೆದು ಮಗುವಿನ ಮುಖ ನೋಡಿದ.

ಎದುರು ಸಾಲಿನಲ್ಲಿದ್ದ ಸುಶ್ಮಿತಾ ತಲೆಯೆತ್ತಿ ಗಂಡನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ಇಂಥ ಸಾಲಿನ ಆಚೆಯಿಂದ ಅವಳು ಹೀಗೆ ದಿಟ್ಟಿಸಿದರೆ ಅವನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು. ಈಗಲೂ ನಿಂತಿತು. ಆದರೆ ಕಾರಣ ಬೇರೆ: ತನ್ನ ಮಾತಿಗೆ ಹೆಂಡತಿ ಖುಷಿಯಾದಳೇ ಎಂದು ನೋಡಲು.

ಗುಂಡಮ್ಮ ದೊಡ್ಡವ್ವ ಐದು ವರ್ಷದ ಚಂದ್ರಲಾಳ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಸುಶ್ಮಿತಾಳ ಕಡೆ ವಾಲಿ, "ಎಲ್ಲಿ, ಚಸ್ಮಾ ತಗಿ ನೋಡಮು" ಅಂದರು.

"ಊಟ ಮಾಡ್ಲಿಕತ್ತೀನ್ರಿ ಅತ್ತಿ..."

"ತಗಿಯವ್ವ, ಏನಾಗ್ತದ?"

ಎಡಗೈಯಿಂದ ಕನ್ನಡಕ ತೆಗೆದು, ಸಾರು ಅಂಟಿದ ಬಲಗೈಯನ್ನು ದೂರ ಹಿಡಿದುಕೊಂಡು, ಸುಶ್ಮಿತಾ ಇಡೀ ಸಾಲಿಗೆ ತನ್ನ ಕಣ್ಣು ತೋರಿಸಬೇಕಾಯಿತು. ಮಬ್ಬಾಗಿ ಕಂಡ ಮುಖಗಳ ನಡುವೆ ಗಂಡನ ಮುಖ ಮಾತ್ರ ಸಂತೋಷದಿಂದ ಅರಳಿದ್ದು ಗೊತ್ತಾಗುತ್ತಿತ್ತು.

"ಹೂಂ. ಇರಬೌದು" ಅಂದರು ಗುಂಡಮ್ಮ, ಅಷ್ಟೇನೂ ನಂಬಿಕೆಯಿಲ್ಲದೆ.

ಚಂದ್ರಲಾ ಹೋಳಿಗೆ ಬಿಟ್ಟು ತಾಯಿಯ ಬರಿಗಣ್ಣುಗಳನ್ನೇ ನೋಡುತ್ತಿದ್ದಳು.

*

ಆದಿತ್ಯನಗರದ ಕ್ವಾರ್ಟರ್ಸಿಗೆ ಬಂದು, ಮಗಳನ್ನು ಕಾರ್ಟೂನಿನ ಮುಂದೆ ಕೂರಿಸಿ, ಸುಶ್ಮಿತಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

"ನನ್ನ ಕಣ್ಣಂತ ಹೇಳ್ರಿ ಅಂತ ಯಾರು ಅಂದಿದ್ರು ನಿಮಗ?"

"ನಿನ್ನ ಸಲುವಾಗೇ ಹೇಳ್ದೆ. ಎಲ್ಲಾರೂ ಥೇಟ್ ಅಪ್ಪ, ಥೇಟ್ ಅಪ್ಪ ಅಂತಾರ. ನಿನಗ ಬ್ಯಾಸರ ಆಗಬಾರದಂತ..."

"ನನಗ ಬ್ಯಾಸರ ಆಗೂದೇ ನೀವು ಬಾಯಿ ತಗದಾಗ!"

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದಾಗ ಅವನು ಹುಬ್ಬು ಮೇಲೇರಿಸಿ, ತುಟಿ ಒಂದಿಷ್ಟು ತೆರೆದು ನಿಲ್ಲುತ್ತಿದ್ದ. ಆ ಮುಖಕ್ಕೇ ಅವಳು ಒಂದು ಕಾಲದಲ್ಲಿ ಮರುಳಾದದ್ದು. ಚಿತ್ತಾಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ಅವಳಿಗೆ, ಸಿಮೆಂಟ್ ಫ್ಯಾಕ್ಟರಿಯ ಈ ಎಲೆಕ್ಟ್ರಿಕಲ್ ಎಂಜಿನಿಯರ್ ಮೊದಲ ಭೇಟಿಯಲ್ಲೇ, "ನನಗ ಗಣಿತ ಅಂದ್ರ ಜ್ವರ ಬರ್ತದ್ರಿ" ಅಂದಿದ್ದ. ಎಂಜಿನಿಯರ್ ಆದವನು ಹೇಳುವ ಮಾತೇ ಇದು? ಆ ಪ್ರಾಮಾಣಿಕತೆಗೆ ಅವಳು ಅಂದೇ ಸೋತಿದ್ದಳು.

ಅಂಥವನು ಈಗ ಸುಳ್ಳಿನ ಅಂಗಡಿ ಇಟ್ಟಿದ್ದ.

ಸುಶ್ಮಿತಾಳ ಅಂಡಾಶಯ ಬಹಳ ಬೇಗ ಕೈಕೊಟ್ಟಿತ್ತು. ಹೈದರಾಬಾದಿನ ಡಾಕ್ಟರು ಹೇಳಿದ ದಾರಿ ಒಂದೇ: ಬೇರೊಬ್ಬ ಹೆಣ್ಣುಮಗಳು ಕೊಟ್ಟ ಅಂಡಾಣು. ಇಬ್ಬರೂ ಕೂಡಿ ಯೋಚಿಸಿ, ಕೂಡಿ ಅತ್ತು, ಕೂಡಿಯೇ ಹೂಂ ಅಂದಿದ್ದರು. ಚಂದ್ರಲಾ ಹುಟ್ಟಿದಳು. ದೊಡ್ಡವಳಾಗುತ್ತಿದ್ದ ಹಾಗೆ ಅವಳಿಗೆ ಎಲ್ಲ ತಿಳಿಸಬೇಕು, ಮುಚ್ಚಿಡಬಾರದು ಎಂದು ಮಾತಾಡಿಕೊಂಡಿದ್ದರು.

ಆ ಮಾತು ಸಾಯಿಕುಮಾರನ ಬಾಯಲ್ಲಿ "ಮುಂದಿನ ಹುಟ್ಟಿದಹಬ್ಬಕ್ಕ" ಆಯಿತು, ಆಮೇಲೆ "ಬ್ಯಾಸಗಿ ಸೂಟಿಯಾಗ" ಆಯಿತು. ನಡುನಡುವೆ ಸುಳ್ಳುಗಳು ಬೆಳೆದವು. ಚಂದ್ರಲಾಳ ಗುಂಗುರು ಕೂದಲು ಸುಶ್ಮಿತಾಳ ಅಜ್ಜಿಯದಂತೆ. ಎಡಗೈಯಲ್ಲಿ ಬರೆಯುವುದು ಅವಳ ಸೋದರಮಾವನದಂತೆ. ಪಾಪ, ಆ ಮಾವನಿಗೆ ತಾನು ಎಡಚನೆಂಬುದೇ ಗೊತ್ತಿರಲಿಲ್ಲ.

"ನೀವು ಹಂಗ ಹೇಳ್ದಾಗೆಲ್ಲಾ, ನಂದು ಅಂತ ಏನೋ ಒಂದು ಇರ್ಲೇಬೇಕು, ಇಲ್ಲಂದ್ರ ನಾ ತಾಯಿನೇ ಅಲ್ಲ ಅಂದಂಗ ಆಗ್ತದ" ಅಂದಳು ಸುಶ್ಮಿತಾ.

"ಛೇ! ನಾ ಹಂಗ ಎಲ್ಲಿ ಅಂದೆ?"

"ಅಂದಿಲ್ಲ. ಆದ್ರ ನನಗ ಹಂಗೇ ಕೇಳಸ್ತದ."

ಅವತ್ತಿನಿಂದ ಅವಳು ಅವನ ಜೊತೆ ಅವಶ್ಯಕ್ಕಿಂತ ಒಂದಕ್ಷರ ಹೆಚ್ಚು ಮಾತಾಡಲಿಲ್ಲ. ಚಹಾ ಕೊಟ್ಟಳು, ಡಬ್ಬಿ ಕಟ್ಟಿದಳು. ಲೋಟ ಕೊಡುವಾಗ ಬೆರಳು ತಾಗದ ಹಾಗೆ ನೋಡಿಕೊಂಡಳು. ಅವನೋ, ತಾಗಲಿ ಎಂದೇ ಲೋಟಕ್ಕೆ ಇಡೀ ಕೈ ಚಾಚುತ್ತಿದ್ದ.

*

ತಿಂಗಳಿಗೊಂದು ಭಾನುವಾರ ಸುಶ್ಮಿತಾ ವಾಡಿಗೆ ಹೋಗುತ್ತಿದ್ದಳು. ಅಲ್ಲಿ ರಮಾಬಾಯಿ ಎಂಬ ನಿವೃತ್ತ ನರ್ಸ್ ತಮ್ಮ ಮನೆಯ ಪಡಸಾಲೆಯಲ್ಲಿ ಕೆಲವು ಕುಟುಂಬಗಳನ್ನು ಸೇರಿಸುತ್ತಿದ್ದರು. ದಾನಿಗಳ ಅಂಡಾಣುವಿನಿಂದಲೋ ವೀರ್ಯದಿಂದಲೋ ಭ್ರೂಣದಿಂದಲೋ ಮಕ್ಕಳನ್ನು ಪಡೆದವರು ಅವರೆಲ್ಲ. ಶಹಾಬಾದಿನಿಂದ ಇಬ್ಬರು ಬರುತ್ತಿದ್ದರು. ಚಂದಾಪುರದಿಂದ ಬಸ್ಸು ಬದಲಿಸಿ ಬದಲಿಸಿ ಒಂದು ಜೋಡಿ ಬರುತ್ತಿತ್ತು. ವಾಡಿಯೇ ಯಾಕೆಂದರೆ ಅಲ್ಲಿ ರೈಲುಗಳೆಲ್ಲ ನಿಲ್ಲುತ್ತವೆ, ಮತ್ತು ಯಾರಿಗೂ ಅಲ್ಲಿ ಬೀಗರಿರಲಿಲ್ಲ.

ಓಣಿಯವರು ಕೇಳಿದರೆ ಏನು ಹೇಳುವುದು ಎಂದು ರಮಾಬಾಯಿ ಮೊದಲೇ "ಭಜನಾ ಮಂಡಳಿ" ಎಂದುಬಿಟ್ಟಿದ್ದರು. ಅದರ ಫಲವಾಗಿ ಪಕ್ಕದ ಮನೆಯ ಸಾಬಮ್ಮ ಪ್ರತಿ ಸಲವೂ ತಾಳ ಹಿಡಿದು ಬಂದು ಕೂರುತ್ತಿದ್ದಳು. ಆಕೆ ಎದ್ದು ಹೋಗುವ ತನಕ ಎಲ್ಲರೂ ಭಜನೆ ಹಾಡಲೇಬೇಕಿತ್ತು. ದುಃಖ ಹೇಳಿಕೊಳ್ಳಲು ಬಂದವರು ಗಂಟಲು ಹರಿದುಕೊಂಡು ಮನೆಗೆ ಹೋಗುತ್ತಿದ್ದರು.

ಈ ಭಾನುವಾರ ಸಾಯಿಕುಮಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಾನೂ ಬರ್ತೀನಿ."

"ಯಾಕ?"

"ನೀ ಮಾತಾಡೂದಿಲ್ಲ. ಅಲ್ಲಿ ಬ್ಯಾರೇದವ್ರ ಮುಂದರ ಮಾತಾಡ್ತಿ. ಅದನ್ನೇ ಕೇಳ್ತೀನಿ."

ಸುಶ್ಮಿತಾಳಿಗೆ ನಗು ಬಂತು. ಅದನ್ನು ಕಾಣಿಸಬಾರದೆಂದು ಮಗಳ ಚಪ್ಪಲಿಯ ಬೆಲ್ಟು ಹಾಕಲು ಬಗ್ಗಿದಳು.

ಮಳಖೇಡ ರೋಡಿನಲ್ಲಿ ಪ್ಯಾಸೆಂಜರ್ ಹತ್ತಿದರು. ಚಿತ್ತಾಪುರ ದಾಟುವವರೆಗೂ ಅವನು ಕಿಟಕಿಯ ಗಾಜಿನಲ್ಲಿ ಅವಳ ನೆರಳನ್ನು ನೋಡುತ್ತ ಬಂದ. ಅವಳೂ ಅದೇ ಗಾಜಿನಲ್ಲಿ, ಅವನು ನೋಡುವುದನ್ನು ನೋಡುತ್ತ ಬಂದಳು. ಚಂದ್ರಲಾ ಇಬ್ಬರ ನಡುವೆ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಎಂದುಕೊಂಡರು ಇಬ್ಬರೂ.

ವಾಡಿ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುವಾಗ ಮಗು ಕೈ ಬಿಡಿಸಿಕೊಂಡಿತು. ಕೊನೆಯ ಮೆಟ್ಟಿಲುಗಳಲ್ಲಿ ಕಾಲು ತಪ್ಪಿ ಮುಗ್ಗರಿಸಿ, ಗದ್ದ ನೆಲಕ್ಕೆ ಬಡಿಯಿತು.

ಬೆಂಚಿನ ಮೇಲೆ ಕೂರಿಸಿ, ಬಾಟಲಿಯ ನೀರಿನಿಂದ ತೊಳೆದು, ಸುಶ್ಮಿತಾ ಸೀರೆಯ ಸೆರಗು ಒತ್ತಿ ಹಿಡಿದಳು. ಗಾಯ ದೊಡ್ಡದಿರಲಿಲ್ಲ. ಆದರೆ ಮಗುವಿನ ಕಣ್ಣು ಇನ್ನೂ ಮುಚ್ಚೇ ಇದ್ದವು.

"ಕಣ್ಣು ತಗಿ ಚಂದೂ. ಕಣ್ಣು ಮುಚ್ಚಿ ಯಾರರ ನಡೀತಾರೇನು?"

"ಸವೀತಾವ."

"ಏನು ಸವೀತಾವ?"

"ನಿನ್ನ ಕಣ್ಣು." ಬಿಕ್ಕಳಿಸುತ್ತ ಹೇಳಿದಳು. "ನಿನ್ನ ಕಣ್ಣು ನನ್ನ ಕಡೆ ಅವ ಅಂತ ಪಪ್ಪಾ ಹೇಳ್ಯಾರ. ಅದಕ್ಕೇ ನಿನಗ ಚಸ್ಮಾ ಬಂದದ. ನಾ ಕಮ್ಮಿ ನೋಡಿದ್ರ ಅವು ಚಲೋ ಇರ್ತಾವ. ಆಮ್ಯಾಲ ನಿನಗ ವಾಪಸ್ ಕೊಡ್ತೀನಿ."

ಸುಶ್ಮಿತಾ ಮೆಲ್ಲಗೆ ಮುಖ ಎತ್ತಿದಳು. ಸಾಯಿಕುಮಾರ ಮೊಣಕಾಲೂರಿ ಕೂತಿದ್ದ.

"ಹಂಗಲ್ಲ ಪುಟ್ಟಿ, ಅದು ಏನದ ಅಂದ್ರ, ಮಮ್ಮಿ ಕಡಿಂದ—"

"ಸಾಯೀ." ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ನೊಂದು ಸುಳ್ಳು ಹೇಳಿದ್ರಿ ಅಂದ್ರ ನಾ ಇದೇ ಗಾಡ್ಯಾಗ ವಾಪಸ್ ಹೋಗ್ತೀನಿ. ಖರೇ ಹೇಳ್ರಿ. ನೀವೇ ಹೇಳ್ರಿ."

ಅವನು ಮಗಳ ಕೈ ಹಿಡಿದುಕೊಂಡ.

"ನೋಡು ಚಂದೂ, ಕೂಸು ಆಗಬೇಕಂದ್ರ ಒಂದು ತತ್ತಿ ಬೇಕಾಗ್ತದ."

"ಕೋಳೀದಾ?"

"ಕೋಳೀದಲ್ಲ." ಅವನು ಹೆಂಡತಿಯ ಕಡೆ ನೋಡಿದ. ಅವಳು ಮುಖ ತಿರುಗಿಸಲಿಲ್ಲ, ಸಹಾಯವನ್ನೂ ಮಾಡಲಿಲ್ಲ. "ಮನಷ್ಯಾರದು. ಕಣ್ಣಿಗಿ ಕಾಣಸಲಾರದಷ್ಟು ಸಣ್ಣದು. ಮಮ್ಮಿ ಹೊಟ್ಟ್ಯಾಗಿನ ತತ್ತಿ ಖಾಲಿ ಆಗಿದ್ವು. ನಮಗ ನೀ ಭಾಳ ಬೇಕಾಗಿದ್ದಿ. ಆಗ ಒಬ್ಬ ಆಂಟಿ ತನ್ನ ತತ್ತಿ ಕೊಟ್ಟಳು. ಡಾಕ್ಟರು ಅದನ್ನ ನನ್ನ ಬೀಜದ ಜೋಡಿ ಸೇರ್ಸಿ ಮಮ್ಮಿ ಹೊಟ್ಟ್ಯಾಗ ಇಟ್ರು. ಅಲ್ಲೇ ನೀ ಬೆಳದಿ."

"ಯಾವ ಆಂಟಿ?"

"ನಮಗೂ ಗೊತ್ತಿಲ್ಲ. ಹೆಸರು ಹೇಳೂದಿಲ್ಲ ಅಲ್ಲಿ."

"ಮತ್ತ ಕಣ್ಣು?"

"ಮಮ್ಮೀವಲ್ಲ. ನಾ ಸುಳ್ಳು ಹೇಳಿದ್ದೆ. ತಪ್ಪಾತು ನಂದು."

ಚಂದ್ರಲಾ ಮತ್ತೆ ಬಿಕ್ಕಳಿಸಿದಳು. "ಹಂಗಂದ್ರ ಆ ಆಂಟಿಗಿ ವಾಪಸ್ ಕೊಡಬೇಕಾ?"

ಈ ಸಲ ಸುಶ್ಮಿತಾಳಿಗೆ ಸುಮ್ಮನಿರಲಾಗಲಿಲ್ಲ. ಮಗಳ ಎರಡೂ ಕೆನ್ನೆ ಹಿಡಿದಳು. "ಯಾರಿಗೂ ವಾಪಸ್ ಕೊಡೂದಿಲ್ಲ. ಅವು ನಿನ್ನವೇ. ನೀ ಎಷ್ಟು ನೋಡಿದ್ರೂ ಸವ್ಯೂದಿಲ್ಲ. ನನ್ನ ಚಸ್ಮಾ ಬಂದದ್ದು ನಾ ಸಣ್ಣಾಕಿದ್ದಾಗ, ನೀ ಹುಟ್ಟೂಕಿಂತಾ ಮೊದಲೇ."

"ನನ್ನವೇ?"

"ನಿನ್ನವೇ."

ಚಂದ್ರಲಾ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಎದುರಿಗೆ ನಿಂತಿದ್ದ ಗೂಡ್ಸ್ ಗಾಡಿಯನ್ನು, ಅದರ ಮೇಲಿನ ಕಾಗೆಯನ್ನು, ಬಜ್ಜಿ ಮಾರುವವನನ್ನು, ಎಷ್ಟೋ ದಿನದ ಹಸಿವೆ ಇದ್ದವಳ ಹಾಗೆ ನೋಡಿದಳು.

"ಬಜ್ಜಿ ಕೊಡಸ್ರಿ ಪಪ್ಪಾ" ಅಂದಳು.

*

ರಮಾಬಾಯಿಯ ಪಡಸಾಲೆಗೆ ಹೋದಾಗ ಸಾಬಮ್ಮ ಆಗಲೇ ತಾಳ ಹಿಡಿದು ಕೂತಿದ್ದಳು. ಮಗುವನ್ನು ಕಂಡದ್ದೇ, "ಏ, ಥೇಟ್ ಅಪ್ಪನ ಹಂಗೇ ಅದ ನೋಡ್ರಿ ಕೂಸು!" ಅಂದಳು.

ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ಚಂದ್ರಲಾ ಹೇಳಿದಳು: "ಹೌದು. ನಮ್ಮ ಮಮ್ಮಿ ತತ್ತಿ ಖಾಲಿ ಆಗಿದ್ವು. ಒಬ್ಬ ಆಂಟಿ ಕೊಟ್ಟಾಳ."

ರಮಾಬಾಯಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ಶಹಾಬಾದಿನವರು ನೆಲ ನೋಡಿದರು.

ಸಾಬಮ್ಮ ಸಾಯಿಕುಮಾರನ ಕಡೆ ತಿರುಗಿದಳು. "ಏನಂತದ್ರಿ ಕೂಸು?"

ಅವನು ಬಾಯಿ ತೆರೆದ. ಸುಶ್ಮಿತಾ ಕಣ್ಣು ಮುಚ್ಚಿಕೊಂಡಳು. ಇನ್ನು ಯಾವ ಅಜ್ಜಿ, ಯಾವ ಸೋದರಮಾವ ಬರುತ್ತಾನೋ ಎಂದು ಕಾದಳು.

"ಖರೇನೇ ಹೇಳ್ಯಾಳ್ರಿ" ಅಂದ ಸಾಯಿಕುಮಾರ. "ಬ್ಯಾರೆ ಹೆಣ್ಮಗಳು ಅಂಡಾಣು ಕೊಟ್ಟಾಳ. ಹೊತ್ತಾಕಿ, ಹಡದಾಕಿ, ತಾಯಿ, ಎಲ್ಲಾ ಇಕಿನೇ."

ಸಾಬಮ್ಮ ಸುಶ್ಮಿತಾಳನ್ನು ನೋಡಿದಳು. ಮಗುವನ್ನು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಏನೇನು ಬಂದಾವೋ ಈಗ" ಅಂದಳು. "ಅದಿರ್ಲಿ, ಭಜನಿ ಎಷ್ಟೊತ್ತಿಗಿ ಸುರು ಮಾಡ್ತೀರಿ? ನಂದು ಜೋಳದ ಹಿಟ್ಟು ಗಿರಣ್ಯಾಗ ಅದ."

ಮೊದಲು ನಕ್ಕವರು ರಮಾಬಾಯಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅವತ್ತು ಭಜನೆ ಎಲ್ಲ ಸಲಕ್ಕಿಂತ ಜೋರಾಗಿ ಆಯಿತು.

*

ಸಂಜೆ ವಾಡಿ ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಚಂದ್ರಲಾ ತಾಯಿಯ ತೊಡೆಯ ಮೇಲೆ ನಿಜವಾಗಿಯೂ ನಿದ್ದೆ ಹೋಗಿದ್ದಳು. ಸಾಯಿಕುಮಾರ ಬೆಂಚಿನ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದ.

"ಇಕಿ ಹುಟ್ಟಿದ ದಿನ" ಅಂದ ಕೊನೆಗೆ, "ಎಲ್ಲಾರೂ ಥೇಟ್ ಸಾಯಿ ಅಂದ್ರು. ನೀ ಗ್ವಾಡಿ ಕಡಿ ಮಾರಿ ತಿರುಗ್ಸಿದಿ. ಅವತ್ತಿಂದ ನನಗ ಅಂಜಿಕಿ ಸುಶ್ಮಿ. ಎಲ್ಲಾ ನಾನೇ ತೊಗೊಂಡೀನಿ, ನಿನಗ ಏನೂ ಉಳಿಸಿಲ್ಲ ಅಂತ."

ಸುಶ್ಮಿತಾ ಅವನನ್ನೇ ನೋಡಿದಳು. "ಅವತ್ತ ನನ್ನ ಹೊಲಿಗಿ ನೋಯ್ಲಿಕತ್ತಿದ್ವು."

"ಏನು?"

"ಹೊಟ್ಟಿ ಕೊಯ್ದು ಹೊಲದಿದ್ರಲ್ಲ. ಆ ಮಗ್ಗಲಕ್ಕ ಮಲಗಿದ್ರ ನೋವು ಕಮ್ಮಿ ಇತ್ತು. ಅದಕ್ಕ ತಿರುಗಿದೆ."

"ಅಷ್ಟೇನಾ?" ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಐದು ವರ್ಷ! ಒಂದು ಮಾತು ಹೇಳಬಾರದಾಗಿತ್ತಾ?"

"ಒಂದು ಮಾತು ಕೇಳಬಾರದಾಗಿತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ರೇಗಿ ನೋಡಿದರು. ಆ ಸಿಟ್ಟಿನಲ್ಲಿ ಎಷ್ಟು ದಿನದ ಆಸೆ ಇತ್ತೆಂದರೆ, ಮೊದಲು ಕಣ್ಣು ತಪ್ಪಿಸಿದವಳು ಅವಳೇ.

"ಅನಿಸೂದೇ ಇಲ್ಲ ಅಂತಲ್ಲ" ಅಂದಳು ಮೆಲ್ಲಗೆ. "ಒಂದೊಂದು ದಿನ ಅನಸ್ತದ. ಕನ್ನಡಿ ಮುಂದ ಇಕಿ ತಲಿ ಬಾಚುವಾಗ ಅನಸ್ತದ. ಆಗ ನೀವು ಏನೂ ಹೇಳಬ್ಯಾಡ್ರಿ. ಬಂದು ಬಾಜೂಕ ಕುಂದ್ರಿ, ಸಾಕು."

ಅವನು ಬಂದು ಕೂತ. ನಡುವೆ ಎರಡು ಬೆರಳಿನ ಜಾಗ ಬಿಟ್ಟು, ಕೈ ಮಡಿಲಲ್ಲಿಟ್ಟುಕೊಂಡು, ಒಂದಕ್ಷರವನ್ನೂ ಆಡದೆ. ಗಾಳಿ ಬೀಸಿತು. ಯಾವುದೋ ಎಕ್ಸ್‌ಪ್ರೆಸ್ ಹಾದುಹೋಯಿತು. ಅವನು ಮಾತಾಡಲೇ ಇಲ್ಲ.

"ಈಗ ಮಾತಾಡ್ಬೌದು" ಅಂದಳು ಸುಶ್ಮಿತಾ ಬೇಸತ್ತು.

"ಏನು ಮಾತಾಡ್ಲಿ?"

"ಖರೇ ಮಾತು. ಯಾವುದಾದ್ರೂ."

"ನೀ ಮಾತು ಬಿಟ್ಟ ಮ್ಯಾಲ ನನಗ ಮನಿಗಿ ಬರ್ಲಿಕ್ಕೇ ಧೈರ್ಯ ಇರ್ಲಿಲ್ಲ. ಡ್ಯೂಟಿ ಮುಗಿಸಿ ಕ್ವಾರ್ಟರ್ಸ್ ಮುಂದಿನ ಬೇವಿನ ಗಿಡದ ಕೆಳಗ ಗಾಡಿ ನಿಲ್ಸಿ ಸುಮ್ಮ ಕುಂದರ್ತಿದ್ದೆ."

"ಗೊತ್ತದ. ಕಿಟಕ್ಯಾಗಿಂದ ಕಾಣ್ತಿತ್ತು."

"ನೋಡ್ತಿದ್ದಿಯೇನು? ಮತ್ತ ಕರೀಲಿಲ್ಲ?"

"ನೀವೇ ಬರ್ಲಿ ಅಂತ."

"ಸುಶ್ಮಿ, ನೀ ಅಂದ್ರ..."

"ಏನು, ನಾ ಅಂದ್ರ?"

ಹೇಳುವುದರೊಳಗೆ ರೈಲು ಬಂತು. ಅವನು ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋಗಿ, ಇನ್ನೊಂದು ಕೈ ಹಿಂದಕ್ಕೆ ಚಾಚಿದ. ಸುಶ್ಮಿತಾ ಆ ಕೈ ಹಿಡಿದು ಹತ್ತಿದಳು. ಹತ್ತಿದ ಮೇಲೂ ಬಿಡಲಿಲ್ಲ. ಚಿತ್ತಾಪುರದಲ್ಲಿ ಅವಳ ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ಹತ್ತಿ, ಮೇಡಮ್ಮನ್ನು ನೋಡಿ ಕಿಸಕ್ಕನೆ ನಕ್ಕರು. ಆಗಲೂ ಬಿಡಲಿಲ್ಲ.