ತಾತನ ಕಿವಿಯ ಹುಷ್ ಹುಷ್

"ತಲೆ ಮಾತ್ರ ಮುಟ್ಟಬೇಡ ಮಗಳೇ," ಎಂದರು ತಾತ.

ನರ್ಸ್ ಮಕೆರೆತಾ ಸ್ಟೆತಾಸ್ಕೋಪ್ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಫಿಜಿಯ ಆ ದ್ವೀಪದಲ್ಲಿ ಹಿರಿಯರ ತಲೆಯನ್ನು ಯಾರೂ ಮುಟ್ಟುವುದಿಲ್ಲ. ಅದರಲ್ಲೂ ಇಲೈತಿಯಾ ತಾತ ಚರ್ಚಿನಲ್ಲಿ ಕೀರ್ತನೆ ಹೇಳಿಸುವವರು.

ಮೊಮ್ಮಗಳು ಅನಾಸೀನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಾಪೆಯ ಅಂಚನ್ನು ಕೀಳುತ್ತಲೇ ಇದ್ದಳು.

"ಬಲಗಿವೀಲಿ ಹುಷ್ ಹುಷ್ ಅನ್ನತ್ತಂತೆ, ನಾಡಿ ಬಡಿದ ಹಾಗೇ," ಎಂದರು ಅಜ್ಜಿ. "ನಾನು ಕೂಗಿದ್ದೊಂದು ಬಿಟ್ಟು ಎಲ್ಲಾ ಕೇಳತ್ತೆ ಆ ಕಿವಿಗೆ!"

ಮಕೆರೆತಾ ನಗಲಿಲ್ಲ. ಮಂಡಿಯೂರಿ ತಲೆ ತಗ್ಗಿಸಿದಳು. ಅಲ್ಲಿನ ರೂಢಿಯಂತೆ ಅಂಗೈಗಳನ್ನು ಬಟ್ಟಲಿನಂತೆ ಬಾಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. "ಅಪ್ಪಣೆ ಕೊಡಿ ತಾತ."

ಹಾಗೆ ಕೇಳಿದ ಮೇಲೆ ಇಲ್ಲವೆನ್ನುವಂತಿರಲಿಲ್ಲ. ತಾತ ಕಣ್ಣು ಮುಚ್ಚಿ ತಲೆ ಬಾಗಿಸಿದರು.

ಕಿವಿಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಮಕೆರೆತಾ ಬಹಳ ಹೊತ್ತು ಆಲಿಸಿದಳು.

"ನಂಗೂ ಕೇಳ್ತಿದೆ. ತಲೇಗೆ ರಕ್ತ ತರೋ ನಾಳ ಬೇರೆ, ವಾಪಸ್ ಒಯ್ಯೋ ನಾಳ ಬೇರೆ. ಎಲ್ಲೋ ಅವೆರಡೂ ಅಡ್ಡದಾರೀಲಿ ಕೂಡಿಕೊಂಡಿರಬಹುದು. ಬರೀ ಸದ್ದಾದ್ರೆ ಡಾಕ್ಟರ್ ಬರೋತನಕ ಕಾಯೋಣ. ಆದ್ರೆ ಕಣ್ಣು ಮಂಜಾಗೋದು, ಒಂದು ಎರಡಾಗಿ ಕಾಣೋದು, ಮಾತು ತಡವರಿಸೋದು ಏನಾದ್ರೂ ಇದೆಯಾ? ಇದ್ರೆ ಇವತ್ತಿನ ಹಡಗಿಗೇ ಸುವಾ ಪಟ್ಟಣದ ಆಸ್ಪತ್ರೆಗೆ ಹೋಗ್ಬೇಕು. ತಡಮಾಡಿದ್ರೆ ಒಳಗೇ ರಕ್ತ ಸೋರಬಹುದು."

"ಅಂಥದ್ದೇನೂ ಇಲ್ಲ," ಎಂದರು ತಾತ ಥಟ್ಟನೆ.

ಅನಾಸೀನಿಯ ಕೈ ನಿಂತಿತು. ನಿನ್ನೆ ಸಂಜೆಯ ಪ್ರಾರ್ಥನೆಯಲ್ಲಿ ತಾತ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓದಿದ್ದರು. ಆದರೂ ಬಾಯಿಪಾಠವಿದ್ದ ಸಾಲಿನಲ್ಲೇ ತಡವರಿಸಿದ್ದರು. ಆಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ.

ಬಂದವರ ಮುಂದೆ ತಾತನ ಮಾತಿಗೆ ಎದುರು ಹೇಳುವುದೇ? ಆ ಮನೆಯಲ್ಲಿ ಯಾರೂ ಹೇಳಿದವರಲ್ಲ. ಕಡಲಿನ ಕಡೆಯಿಂದ ಹಡಗಿನ ಹಾರ್ನ್ ಕೇಳಿಸಿತು.

"ಅಕ್ಕಾ..." ಅನಾಸೀನಿ ಮಕೆರೆತಾಳ ಕಡೆ ತಿರುಗಿದಳು. "ತಾತ ಮರೆತಿದ್ದಾರೆ. ಅವ್ರಿಗೆ ಅಕ್ಷರ ಎರಡೆರಡು ಕಾಣತ್ತೆ ಅನ್ಸತ್ತೆ. ಒಂದು ಕಣ್ಣು ಮುಚ್ಚಿಯೇ ಓದೋದು. ಮಾತೂ ತಡವರಿಸ್ತು, ನಿನ್ನೆ."

"ಏಯ್ ಅನಾ! ಬಾಯ್ಮುಚ್ಚು!" ಅಜ್ಜಿ ಗದರಿದರು.

ತಾತ ಕೈಯೆತ್ತಿ ಅಜ್ಜಿಯನ್ನು ಸುಮ್ಮನಾಗಿಸಿದರು. ಯಾರ ಮುಖವನ್ನೂ ನೋಡದೆ, "ಹಡಗು ಎಷ್ಟೊತ್ತು ನಿಲ್ಲತ್ತೆ ಮಗಳೇ?" ಎಂದು ಕೇಳಿದರು.

ಇಡೀ ಚರ್ಚನ್ನೇ ಹಾಡಿಸುವ ಆ ದನಿ ಈಗ ಪಿಸುಮಾತಾಗಿತ್ತು.

ಅನಾಸೀನಿ ಚಾಪೆಯ ಮೇಲೆ ಜರುಗಿ ಜರುಗಿ ಅವರ ಪಕ್ಕಕ್ಕೆ ಬಂದಳು. ತಾತ ಏನನ್ನೂ ಮರೆತಿರಲಿಲ್ಲ; ಹೆದರಿದ್ದರು, ಅಷ್ಟೇ.