ಕೂತ ಗುರುತು

"ತಪ್ಪು," ಅಂದೆ.

ಲಿಂಡನ್ ಕುಂಚವನ್ನು ನೀರಿನ ಡಬ್ಬಿಗೆ ಕುಕ್ಕಿದ. ಕೆಂಪು ನೀರು ನನ್ನ ಸ್ಕರ್ಟಿಗೆ ಹಾರಿತು. ಬೇಕೆಂದೇ ಮಾಡಿದ್ದು. ಎಲ್ಲಿ ಸಿಡಿಯಿತು ಎಂದು ಓರೆಗಣ್ಣಿನಲ್ಲಿ ನೋಡಿದ ಬೇರೆ.

"ನಿನ್ನೇನೂ ಅದೇ ಅಂದೆ. ಏನು ತಪ್ಪು ಅಂತ ಬಾಯಿಬಿಟ್ಟು ಹೇಳೇ!"

"ನಿನ್ನಪ್ಪನ ನೆಲ. ನಿಂಗೇ ಗೊತ್ತಿರ್ಬೇಕು."

ಆರ್ಟ್ ಸೆಂಟರಿನ ಜಗಲಿಯಲ್ಲಿ ನಾಯಿಗಳ ನಡುವೆ ಕೂತಿದ್ದ ಐವಿ ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. "ವರಸೇನೂ ಕೂಡತ್ತೆ, ಜಗಳಾನೂ ಕೂಡತ್ತೆ. ಇನ್ನೇನು ಬೇಕು ಮದುವೆಗೆ?"

"ಅಜ್ಜಿ, ಸುಮ್ನಿರು!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದೆವು. ಆ ವಾರ ನಾವಿಬ್ಬರೂ ಒಪ್ಪಿದ ಮಾತು ಅದೊಂದೇ.

ನಮ್ಮಲ್ಲಿ ನೆಲ ಬರುವುದು ತಂದೆಯಿಂದ. ಅದರ ಕತೆಯನ್ನು ಚಿತ್ರವಾಗಿ ಬರೆಯುವ ಹಕ್ಕು ಆ ತಂದೆಯ ಮಕ್ಕಳದು. ಆ ನೆಲದ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಹುಟ್ಟಿದವರು ಕಾವಲಿನವರು. ಕಾವಲಿನವರು ಕುಂಚ ಮುಟ್ಟುವಂತಿಲ್ಲ, ಆದರೆ ಅವರು ಸರಿ ಅನ್ನದೆ ಚಿತ್ರ ಬಾಗಿಲು ದಾಟುವಂತಿಲ್ಲ. ಲಿಂಡನ್ ಬರೆಯುತ್ತಿದ್ದುದು ಅವನಪ್ಪನ ನೀರಹೊಂಡದ ಕತೆ, ಹಕ್ಕಿಯಾಗಿ ಈ ನೆಲದಲ್ಲಿ ನಡೆದ ನಮ್ಮ ಮೂಲಪುರುಷ ಎಮು ತಾತನದು. ನನ್ನಮ್ಮ ಆ ಹೊಂಡದ ಮಗಳು. ಐವಿ ಅಜ್ಜಿಯ ಕಣ್ಣು ಮಂಜಾದ ಮೇಲೆ ಕಾವಲು ನನ್ನ ತಲೆಗೆ ಬಿದ್ದಿತ್ತು.

ಲಿಂಡನ್ ಎಳೆಯವನಿದ್ದಾಗಲೇ ತಾಯಿಯ ಜೊತೆ ಕಡಲ ಕಡೆಗೆ ಹೋದವನು. ಅಪ್ಪ ತೀರಿಹೋದ ಮೇಲೆ, ಈ ಚಳಿಗಾಲದಲ್ಲಿ ಬಂದಿದ್ದ. ಚಿಕ್ಕಪ್ಪಂದಿರು ಕತೆ ಕಲಿಸಿದ್ದರು. ಶುಕ್ರವಾರ ಚಿತ್ರಗಳನ್ನು ಪೇಟೆಗೆ ಒಯ್ಯುವ ಟ್ರಕ್ಕು ಬರುವಷ್ಟರಲ್ಲಿ ಅವನದು ಒಪ್ಪಿಗೆಯಾದರೆ ಅವನು ಇಲ್ಲಿಯ ಮಗ. ಇಲ್ಲವಾದರೆ ಅದೇ ಟ್ರಕ್ಕು ಹತ್ತಿ ಹೋಗುತ್ತೇನೆ ಎಂದು ಎಲ್ಲರೆದುರು ಅಂದುಬಿಟ್ಟಿದ್ದ. "ಹೋಗ್ಲಿ ಬಿಡಿ, ಪೀಡೆ ತೊಲಗತ್ತೆ" ಎಂದೆ ನಾನು. ಸುಳ್ಳು. ಚುಕ್ಕಿ ಇಡುವಾಗ ಉಸಿರು ಹಿಡಿಯುವ ಅವನನ್ನು ನೋಡಿದರೆ ನನ್ನ ಉಸಿರೂ ನಿಲ್ಲುತ್ತಿತ್ತು.

ಗುರುವಾರ ನನ್ನ ತಾಳ್ಮೆ ಕೆಟ್ಟಿತು. "ಬರೀ ಹೋಗೋ ಹೆಜ್ಜೆಗಳನ್ನೇ ಬರ್ದಿದ್ದೀಯ. ಎಮು ತಾತ ಈ ಹೊಂಡದ ಹತ್ರ ಮೊಟ್ಟೆಗೆ ಕಾವು ಕೂತ. ಎಮುಗಳಲ್ಲಿ ಅಪ್ಪನೇ ಅಲ್ವಾ ಕಾವು ಕೂರೋದು? ಕೂತ ಗುರುತು ಎಲ್ಲಿ? ಮರೆತ್ಯಾ?"

"ಮರೆತಿಲ್ಲ. ಬಿಟ್ಟಿದ್ದೀನಿ. ಕೂತು ಕಾಯೋ ಅಪ್ಪನ್ನ ನಾನು ನೋಡೇ ಇಲ್ಲ. ನೋಡದೇ ಇರೋದನ್ನ ಬರೆಯಲ್ಲ."

"ನೀನು ನೋಡಿದ್ದು ಯಾರಿಗೆ ಬೇಕು? ಇದು ನೆಲದ ಕತೆ!"

"ಒಂದು ಸಲಾನೂ ನನ್ನ ಹುಡುಕ್ಕೊಂಡು ಬರ್ಲಿಲ್ಲ, ಡೆಲ್ವೀನ್."

ಅವನ ತೋಳು ಹಿಡಿದು ದರದರ ಎಳೆದುಕೊಂಡು ಅಂಗಡಿ ಮುಂದಿನ ಮರದಡಿಗೆ ಹೋದೆ. "ಹೊಂಡ ಬಿಟ್ಟು ಬರಕ್ಕೆ ಆಗ್ಲಿಲ್ಲ ಅವರಿಗೆ. ಬಸ್ ಬರೋ ದಿನ ಇಲ್ಲಿ ಕೂರ್ತಿದ್ರು. ಬಸ್ಸಿಂದ ಇಳಿಯೋ ಒಂದೊಂದು ಹುಡುಗನ ಮುಖಾನೂ ನೋಡ್ತಿದ್ರು."

"ಸುಳ್ಳಿ."

"ಕೂತ್ಕೋ."

ಕೂತ.

"ಏಳು. ಹಿಂದೆ ನೋಡು."

ಕೆಂಪು ಮರಳಿನಲ್ಲಿ ಅವನ ತೊಡೆಗಳ ಗುರುತು ಲಾಳದ ಹಾಗೆ ಉಳಿದಿತ್ತು.

"ಅವರು ಎದ್ದು ಹೋದ್ಮೇಲೆ ಇದೇ ಉಳೀತಿತ್ತು. ಗಾಳಿ ಅಳಿಸ್ತಿತ್ತು, ಮುಂದಿನ ಬಸ್ಸಿಗೆ ಮತ್ತೆ ಬರ್ತಿದ್ರು. ಈಗ ನೋಡಿದ್ಯಲ್ಲ? ಬರಿ."

ಅವನು ಆ ಗುರುತನ್ನೇ ನೋಡುತ್ತ ಮುಖ ಮುಚ್ಚಿಕೊಳ್ಳದೆ ಅತ್ತ. ನಾನೂ ಅತ್ತೆ, ಆದರೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ.

ಶುಕ್ರವಾರ ನಾನು ಹೋಗುವಷ್ಟರಲ್ಲಿ ಕ್ಯಾನ್ವಾಸಿನ ಹೊಂಡದ ಪಕ್ಕ ಬಿಳಿ ಲಾಳವೊಂದು ಕೂತಿತ್ತು. ನೋಡಿದರೆ ಮೈ ಜುಂ ಅನ್ನುವ ಹಾಗಿತ್ತು. ಅದಕ್ಕೆ ಒತ್ತಿಕೊಂಡು ಇನ್ನೊಂದು, ಸ್ವಲ್ಪ ಚಿಕ್ಕದು.

"ಇದ್ಯಾರು?"

"ಕಾವಲಿನವಳು," ಅಂದ. ಮೊದಲ ಸಲ ನನ್ನನ್ನು ನೇರ ನೋಡಿದ. ರೆಪ್ಪೆಯ ತುದಿಯಲ್ಲೂ ಬಿಳಿ ಬಣ್ಣ ಹತ್ತಿತ್ತು. ನನ್ನ ಕಿವಿ ಬಿಸಿಯಾಯಿತು. ಹೊರಗೆ ಟ್ರಕ್ಕಿನ ಹಾರ್ನ್ ಕೇಳಿತು.

"ತಪ್ಪು."

"ಡೆಲ್ವೀನ್..."

"ಕತೇಲಿ ಅವಳಿಲ್ಲ. ಚುಕ್ಕಿ ಇಟ್ಟು ಮುಚ್ಚು."

ಅವನ ಮುಖ ಸಪ್ಪಗಾಯಿತು. ಹಲ್ಲು ಕಚ್ಚಿಕೊಂಡು ಒಂದೊಂದೇ ಚುಕ್ಕಿ ಇಟ್ಟು ನನ್ನನ್ನು ಮುಚ್ಚಿದ. ನೋಡುತ್ತ ನಿಲ್ಲುವುದು ಎಷ್ಟು ಕಷ್ಟವಾಯಿತು ಎಂದು ಅವನಿಗೆ ಇವತ್ತಿಗೂ ಹೇಳಿಲ್ಲ.

"ಈಗ?"

"ಈಗ ಸರಿ. ನಿನ್ನಪ್ಪನ ನೆಲ, ನಿನ್ನ ಕೈ."

ಕ್ಯಾನ್ವಾಸು ಟ್ರಕ್ಕು ಹತ್ತಿತು. ಲಿಂಡನ್ ಹತ್ತಲಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಹೋಗಿ ಆ ಮರದಡಿ ಕೂತ. ನಾನೂ ಹಿಂದೆಯೇ ಹೋದೆ.

"ಸರ್ಕೋ," ಅಂದೆ.

"ಯಾಕೆ? ಕತೇಲಿ ನೀನಿಲ್ವಲ್ಲ."

"ಎಮು ತಾತನ ಕತೇಲಿ ಇಲ್ಲ." ಭುಜಕ್ಕೆ ಭುಜ ತಾಗುವ ಹಾಗೆ ಮರಳಲ್ಲಿ ಕೂತುಬಿಟ್ಟೆ. "ನಿನ್ನ ಕತೇಲಿ ಇಲ್ಲ ಅಂತ ಯಾವ ಕತ್ತೆ ಹೇಳಿದ್ದು?"