ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

“ಸಾರಿ,” ಎಂದಳು ನೋರಾ.

“ನೀನ್ಯಾಕೆ ಸಾರಿ ಹೇಳ್ತೀಯ? ನಿನ್ನ ಕಾಲು ತುಳಿದಿದ್ದು ನಾನು,” ಎಂದಳು ಅಮೂಲ್ಯಾ.

“ಗೊತ್ತು. ಆದ್ರೂ ಸಾರಿ.”

ಅಷ್ಟರಲ್ಲಿ ಅಮೂಲ್ಯಾ ಬಗ್ಗಿ ನೋರಾಳ ಶೂ ಮುಟ್ಟಿ, ಬೆರಳುಗಳನ್ನು ಕಣ್ಣಿಗೊತ್ತಿಕೊಂಡು ಆಗಿತ್ತು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಹೋಗಿತ್ತು.

“ಅದೇನದು?” ವೆಸ್ಲಿ ಹಾಕಿ ಸ್ಟಿಕ್ಕಿನ ಮೇಲೆ ಗಲ್ಲ ಊರಿಕೊಂಡು ಕೇಳಿದ.

“ಏನಿಲ್ಲ. ಯಾರಿಗಾದ್ರೂ ಕಾಲು ತಾಗಿದ್ರೆ ನಮ್ಮನೇಲಿ ಹೀಗೆ ಮಾಡ್ತೀವಿ.”

“ನೀವಿಬ್ರೂ ವಿಚಿತ್ರ ಕಣ್ರೇ. ನಮ್ಮ ಮಿಷಿಗನ್‌ನಲ್ಲಿ ಕಾಲು ತುಳಿದ್ರೆ ಜೋರಾಗಿ ಕಿರಿಚ್ತೀವಿ. ಅಲ್ಲಿಗೆ ಮುಗೀತು,” ಎಂದು ವೆಸ್ಲಿ ನಕ್ಕ.

ಅಮೂಲ್ಯಾಳಿಗೆ ನಾಚಿಕೆಯಾಯಿತು. ಇನ್ನು ಮೇಲೆ ಇವರ ಮುಂದೆ ಹಾಗೆ ಮಾಡಬಾರದು ಎಂದುಕೊಂಡಳು. ಆದರೆ ಎಂದುಕೊಳ್ಳುವುದು ಸುಲಭ. ಹುಟ್ಟಿದಾಗಿನಿಂದ ಬಂದ ಅಭ್ಯಾಸ ನಿನ್ನೆ ಮೊನ್ನೆಯ ನಾಚಿಕೆಗೆಲ್ಲ ಹೆದರುತ್ತದೆಯೇ?

ಅದು ವಾಲ್‌ಡಾರ್ಫ್‌ನ ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕ್‌ಪ್ಲಾಟ್ಸ್, ಅಂದರೆ ಕಾರು ನಿಲ್ಲಿಸುವ ಜಾಗ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಬಂದ್. ಕಾರುಗಳಿಲ್ಲದ ಆ ಜಾಗ ಮಕ್ಕಳ ಪಾಲಿಗೆ ಒಂದು ಮೈದಾನ. ಮೂವರ ಮನೆಗಳೂ ಅದೇ ಬೀದಿಯಲ್ಲಿದ್ದವು. ಮೂವರ ಅಪ್ಪಂದಿರೂ ಒಂದೇ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ನೋರಾ ಕೆನಡಾದವಳು, ವೆಸ್ಲಿ ಅಮೆರಿಕದವನು, ಅಮೂಲ್ಯಾ ಎಂಟು ತಿಂಗಳ ಹಿಂದೆ ಮೈಸೂರಿನಿಂದ ಬಂದವಳು.

ಜುಲೈ ಒಂದಕ್ಕೆ ಕೆನಡಾದವರ ಹಬ್ಬ, ನಾಲ್ಕಕ್ಕೆ ಅಮೆರಿಕದವರ ಹಬ್ಬ. ಅವೆರಡೂ ಮುಗಿದ ಮೇಲಿನ ಭಾನುವಾರ ಊರಿನಲ್ಲಿರುವ ಎರಡು ದೇಶದವರಿಗೂ ಈ ಪಾರ್ಕ್‌ಪ್ಲಾಟ್ಸಿನಲ್ಲೇ ಹಾಕಿ ಮ್ಯಾಚು. ಅವರ ಊರಿನ ಹಾಕಿಯಂತೆ ಕಾಲಡಿ ಮಂಜುಗಡ್ಡೆ ಇಲ್ಲ, ಸ್ಕೇಟ್ಸ್ ಇಲ್ಲ. ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು, ಕೈಗೊಂದು ಸ್ಟಿಕ್ಕು. ಸೋತವರು ಮಾರನೆಯ ದಿನವಿಡೀ ಗೆದ್ದವರ ದೇಶದ ಟೋಪಿ ಹಾಕಿಕೊಂಡು ಆಫೀಸಿಗೆ, ಸ್ಕೂಲಿಗೆ ಹೋಗಬೇಕು. ನಾಲ್ಕು ವರ್ಷದಿಂದ ಕೆನಡಾದವರೇ ಸೋಲುತ್ತಿದ್ದರು. ನೋರಾಳ ಅಪ್ಪ ಡಗ್ ಅಂಕಲ್ ನಕ್ಷತ್ರದ ಟೋಪಿ ಹಾಕಿಕೊಂಡು ಆಫೀಸಿನ ಲಿಫ್ಟಿನಲ್ಲಿ ನಿಲ್ಲುವುದು ಎಲ್ಲರಿಗೂ ರೂಢಿಯಾಗಿಹೋಗಿತ್ತು.

ಈ ವರ್ಷ ನೋರಾಳ ಅಣ್ಣ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ. ಪ್ರತಿ ಟೀಮಿನಲ್ಲೂ ಮೂವರು ಮಕ್ಕಳಿರಲೇಬೇಕು ಎಂಬುದು ನಿಯಮ. “ಅಮೂಲ್ಯಾ ನಮ್ಮ ಗೋಲ್‌ಕೀಪರ್,” ಎಂದುಬಿಟ್ಟಳು ನೋರಾ. ಅಣ್ಣನ ಕೆಂಪು ಜೆರ್ಸಿಯನ್ನೂ ತಂದುಕೊಟ್ಟಳು. ಅದು ಅಮೂಲ್ಯಾಳ ಮೊಣಕಾಲು ಮುಟ್ಟುತ್ತಿತ್ತು.

ಆ ರಾತ್ರಿ ಅಮೂಲ್ಯಾ ಜೆರ್ಸಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ಮೈಸೂರಿನಲ್ಲಿ ಅಕ್ಕ ಅಣ್ಣಂದಿರ ನಡುವೆ ಅವಳೇ ಚಿಕ್ಕವಳು. ಏನೇ ಆಡಿದರೂ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತಿದ್ದರು. ಅವಳು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಇಲ್ಲಿ ಆ ಮಾತು ಯಾರಿಗೂ ಬರುವುದಿಲ್ಲ. ಆದರೂ ಎಂಟು ತಿಂಗಳಲ್ಲಿ ಒಂದು ಟೀಮಿಗೂ ಯಾರೂ ಅವಳನ್ನು ಕರೆದಿರಲಿಲ್ಲ. ಇದೇ ಮೊದಲು. ತಾನು ಸರಿಯಾಗಿ ಆಡದಿದ್ದರೆ ಇದೇ ಕೊನೆಯೂ ಆಗಬಹುದು ಎಂದು ಅವಳಿಗೆ ಭಯವಾಗುತ್ತಿತ್ತು.

ಮ್ಯಾಚಿನ ದಿನ ಜಲಜಮ್ಮಜ್ಜಿಯೂ ಬಂದರು. ಮೂರು ತಿಂಗಳ ವೀಸಾದಲ್ಲಿ ಮಗನ ಮನೆಗೆ ಬಂದಿದ್ದ ಅಜ್ಜಿ, ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು, ಮಡಿಲಲ್ಲಿ ಕೋಡುಬಳೆ ಡಬ್ಬಿ ಇಟ್ಟುಕೊಂಡು, ಮಡಚುವ ಕುರ್ಚಿಯಲ್ಲಿ ಎಲ್ಲರಿಗಿಂತ ಮುಂದೆ ಕುಳಿತರು.

“ಅಮ್ಮ, ಸ್ವಲ್ಪ ಹಿಂದೆ ಕೂತ್ಕೋ. ಚೆಂಡು ಬಡಿಯುತ್ತೆ,” ಎಂದರು ಅಮೂಲ್ಯಾಳ ಅಪ್ಪ ಬಸವಪ್ರಸಾದ.

“ಬಡೀಲಿ ಬಿಡೋ. ಹಿಂದೆ ಕೂತ್ರೆ ಏನು ಕಾಣುತ್ತೆ ನನಗೆ?”

ಅಮೆರಿಕದವರ ಕಡೆ ದೊಡ್ಡ ಬ್ಯಾನರು, ಸ್ಪೀಕರು, ಹಾಟ್ ಡಾಗ್ ಸುಡುವ ಒಲೆ. ಯಾರು ಏನು ಮಾಡಿದರೂ ಅವರಿಗೆ “ಆಸಮ್”. ಶೂ ಲೇಸ್ ಕಟ್ಟಿಕೊಂಡರೂ ಆಸಮ್. ಕೆನಡಾದವರ ಕಡೆ ಒಂದು ಫ್ಲಾಸ್ಕ್ ಕಾಫಿ, ಒಂದು ಪುಟ್ಟ ಬಾವುಟ. ಅವರ ಹತ್ತಿರ ಹಾದುಹೋದರೆ ಸಾಕು, ಜಾಗ ಬಿಟ್ಟು “ಸಾರಿ” ಎನ್ನುತ್ತಿದ್ದರು.

ರೆಫರಿ ಫ್ರಾವ್ ಲೆಶ್ನರ್. ಎದುರಿನ ಕಟ್ಟಡದ ಅಜ್ಜಿ. ಮೊದಲನೇ ವರ್ಷ ಗಲಾಟೆ ಮಾಡಬೇಡಿ ಎಂದು ಬೈಯಲು ಕೆಳಗಿಳಿದು ಬಂದವರು, ಆಟ ನೋಡುತ್ತಾ ನಿಂತು, ಮಾರನೆಯ ವರ್ಷ ತಾವೇ ಒಂದು ವಿಷಲ್ ಕೊಂಡು ತಂದರಂತೆ.

“ಚರ್ಚಿನ ಗಂಟೆ ಒಂದು ಹೊಡೆದರೆ ಆಟ ಮುಗಿಯಿತು. ಆಮೇಲೆ ರೂಹೆಟ್ಸೈಟ್. ಯಾರೂ ಸದ್ದು ಮಾಡುವ ಹಾಗಿಲ್ಲ. ಅಮೆರಿಕನ್ನರೇ, ತಯಾರಾ?” ಎಂದು ಅವರು ಎರಡೂ ಕಡೆಗೆ ನೋಡಿದರು.

“ನಾವು ಅಮೆರಿಕನ್ಸ್ ಅಲ್ಲ,” ಎಂದರು ಕೆನಡಾದವರೆಲ್ಲ ಒಟ್ಟಿಗೆ.

“ನನಗೆ ಎಲ್ಲ ಒಂದೇ,” ಎಂದು ಫ್ರಾವ್ ಲೆಶ್ನರ್ ವಿಷಲ್ ಊದಿದರು.

ಆಟ ಶುರುವಾದದ್ದೇ ತಡ, ಅಮೂಲ್ಯಾ ಕಣ್ಣು ಕಣ್ಣು ಬಿಟ್ಟಳು. ಬಾಗಿಲಿಗೆ ಭುಜ ತಗುಲಿದರೂ ಸಾರಿ ಹೇಳುವ ನೋರಾ ಈಗ ಹುಲಿಯಾಗಿದ್ದಳು. ಸಾರಿ ಹೇಳುತ್ತಾ ಹೇಳುತ್ತಾ ಎದುರಾಳಿಗಳ ಕಾಲಡಿಯಿಂದ ಚೆಂಡು ಕಸಿಯುತ್ತಿದ್ದಳು. ಅತ್ತ ವೆಸ್ಲಿ ಕೆನಡಾದವರು ಗೋಲು ಹೊಡೆದಾಗಲೂ “ಸೂಪರ್ ಶಾಟ್” ಎಂದು ಕೂಗುತ್ತಿದ್ದ. ಕೂಗಿದ ಮರುಕ್ಷಣವೇ ಚೆಂಡಿನ ಹಿಂದೆ ಓಡುತ್ತಿದ್ದ.

ಅಮೂಲ್ಯಾ ಏಳು ಚೆಂಡು ತಡೆದಳು. ಎರಡನ್ನು ಬಿಟ್ಟಳು. ಪ್ರತಿ ಸಲ ತಡೆದಾಗಲೂ ಡಗ್ ಅಂಕಲ್ ಸ್ಟಿಕ್ಕನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತಿದ್ದರು. ಅಜ್ಜಿ ತಮ್ಮ ಕೋಡುಬಳೆ ಡಬ್ಬಿಯನ್ನು ಕುಟ್ಟುತ್ತಿದ್ದರು.

ಎರಡು–ಎರಡು. ಗಡಿಯಾರದಲ್ಲಿ ಒಂದಾಗಲು ಎರಡೇ ನಿಮಿಷ.

ಚೆಂಡು ಗೋಲಿನ ಮುಂದೆ ಪುಟಿಯಿತು. ವೆಸ್ಲಿ ನುಗ್ಗಿ ಬಂದ. ಅಮೂಲ್ಯಾ ಕಾಲು ಚಾಚಿ ಅದನ್ನು ತಡೆದೇಬಿಟ್ಟಳು. ಆದರೆ ಚಾಚಿದ ಕಾಲು ಹೋಗಿ ವೆಸ್ಲಿಯ ಮೊಣಕಾಲಿಗೆ ಒದೆಯಿತು.

ಯಾರಿಗೋ ಕಾಲು ತಾಗಿತು. ಅಷ್ಟೇ ಅವಳ ಮೈಗೆ ಗೊತ್ತಾದದ್ದು. ಕೈ ಹೋಯಿತು, ಅವನ ಮೊಣಕಾಲು ಮುಟ್ಟಿತು, ವಾಪಸ್ ಬಂದು ಕಣ್ಣಿಗೆ ಒತ್ತಿಕೊಂಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ‘ಟಕ್’ ಎಂದಿತು. ಅವಳು ಕಣ್ಣು ಬಿಟ್ಟಾಗ ಚೆಂಡು ಅವಳ ಹಿಂದೆ ಬಲೆಯೊಳಗಿತ್ತು.

ವೆಸ್ಲಿ ಎರಡೂ ಕೈ ಚಾಚಿ ವಿಮಾನದ ಹಾಗೆ ಒಂದು ಸುತ್ತು ಓಡಿದ. ಎರಡನೇ ಸುತ್ತಿಗೆ ನಿಂತ. ತಿರುಗಿ ಅಮೂಲ್ಯಾಳನ್ನು ನೋಡಿದ.

“ಒಂದು ನಿಮಿಷ. ಅವಳು ಕಣ್ಣು ಮುಚ್ಕೊಂಡಿದ್ಲಾ? ನನ್ನ ಕಾಲು ಮುಟ್ಟೋಕೆ?” ಎಂದ. ಆಮೇಲೆ ಫ್ರಾವ್ ಲೆಶ್ನರ್ ಕಡೆ ತಿರುಗಿದ. “ಪಾಪ, ಅವಳಿಗೆ ಗೊತ್ತಾಗ್ಲಿಲ್ಲ. ಈ ಗೋಲು ಲೆಕ್ಕಕ್ಕೆ ಬೇಡ.”

“ಹೌದು, ಹೌದು, ಲೆಕ್ಕಕ್ಕೆ ಬೇಡ,” ಎಂದು ಅಮೆರಿಕದವರೆಲ್ಲ ಕೂಗಿದರು.

ಮತ್ತೆ ಅದೇ ‘ಲೆಕ್ಕಕ್ಕಿಲ್ಲ’, ಎಂದುಕೊಂಡಳು ಅಮೂಲ್ಯಾ. ಇಷ್ಟು ದೂರ, ಏಳು ಸಮುದ್ರ ದಾಟಿ ಬಂದರೂ ಆ ಮಾತು ಬೆನ್ನು ಬಿಡಲಿಲ್ಲವಲ್ಲ.

“ಯಾಕೆ ಬೇಡ?” ನೋರಾ ಮುಂದೆ ಬಂದಳು. ಅವಳ ಮುಖ ಜೆರ್ಸಿಯಷ್ಟೇ ಕೆಂಪಾಗಿತ್ತು. “ಅವಳೇನು ಪಾಪುನಾ? ಅವಳು ನಮ್ಮ ಗೋಲ್‌ಕೀಪರ್. ಗೋಲ್‌ಕೀಪರ್ ಗೋಲು ಬಿಟ್ಲು. ಲೆಕ್ಕಕ್ಕುಂಟು.”

ಗೆದ್ದವರು ಬೇಡ ಎನ್ನುತ್ತಿದ್ದರು, ಸೋಲುತ್ತಿದ್ದವರು ಬೇಕು ಎನ್ನುತ್ತಿದ್ದರು. ಇಂಥ ಜಗಳವನ್ನು ಆ ಬೀದಿ ಕಂಡಿರಲಿಲ್ಲ. ಫ್ರಾವ್ ಲೆಶ್ನರ್ ಕೈ ಎತ್ತಿದರು. “ನಾನು ವಿಷಲ್ ಊದಿರಲಿಲ್ಲ. ಗೋಲು ಗೋಲೇ.” ಅವರ ಮಾತು ಮುಗಿಯುವಷ್ಟರಲ್ಲಿ ಚೆಂಡನ್ನು ಮಧ್ಯಕ್ಕೆ ತರಲೂ ಸಮಯ ಉಳಿದಿರಲಿಲ್ಲ. ಚರ್ಚಿನ ಗಂಟೆ ಢಣ್ ಎಂದಿತು. ಕೆನಡಾ ಐದನೇ ವರ್ಷವೂ ಸೋತಿತು.

ಅಮೂಲ್ಯಾಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ‘ಗೋಲು ಬಿಟ್ಲು’. ಅವಳು ಸೀದಾ ಅಜ್ಜಿಯ ಬಳಿಗೆ ಓಡಿದಳು.

“ಬಾ ಮಗಾ, ಚೆನ್ನಾಗಿ ಆಡ್ದೆ,” ಎಂದು ಅಜ್ಜಿ ಡಬ್ಬಿಯ ಮುಚ್ಚಳ ತೆಗೆದರು.

“ಎಲ್ಲಾ ನಿನ್ನಿಂದ್ಲೇ. ಕಾಲು ತಾಗ್ತು, ಮುಟ್ಟು, ಕಣ್ಣಿಗೊತ್ಕೋ ಅಂತ ಹೇಳಿ ಹೇಳಿ ಅಭ್ಯಾಸ ಮಾಡ್ಸಿದ್ದು ನೀನೇ ಅಲ್ವಾ? ನೋಡು ಈಗ. ನೀನು ಇಲ್ಲಿಗೆ ಬರ್ಲೇಬಾರ್ದಿತ್ತು.”

ಅಜ್ಜಿಯ ಕೈ ಡಬ್ಬಿಯ ಮೇಲೆಯೇ ನಿಂತಿತು. ಮುಚ್ಚಳವನ್ನು ಮತ್ತೆ ಹಾಕಿ ಎಲ್ಲಾ ಕಡೆ ಒತ್ತಿ ಒತ್ತಿ ಮುಚ್ಚಿದರು. ಆಡಿದ ಮಾತು ಹಿಂದಕ್ಕೆ ಬರುವಂತಿದ್ದರೆ ಅಮೂಲ್ಯಾ ಆಗಲೇ ಅದನ್ನು ನುಂಗಿಬಿಡುತ್ತಿದ್ದಳು.

“ಅಮೂಲ್ಯಾ, ಎಲ್ಲಿಗೆ ಹೋದೆ? ಮ್ಯಾಚ್ ಇನ್ನೂ ಮುಗಿದಿಲ್ಲ,” ನೋರಾ ಓಡಿ ಬಂದಳು. ರೂಹೆಟ್ಸೈಟ್ ಆದ್ದರಿಂದ ಪಿಸುಮಾತಿನಲ್ಲೇ ಕೂಗುತ್ತಿದ್ದಳು.

“ಗಂಟೆ ಹೊಡೀತಲ್ಲ.”

“ಲೈನ್ ಇದೆ. ಲೈನ್ ಆಗದೆ ಹಾಕಿ ಮುಗಿಯಲ್ಲ. ಬಾ.”

ಎರಡೂ ಟೀಮಿನವರು ಎದುರುಬದುರು ಸಾಲಾಗಿ ನಿಂತಿದ್ದರು. ಸಾಲುಗಳು ನಿಧಾನವಾಗಿ ಚಲಿಸಿದವು. ಒಬ್ಬೊಬ್ಬರೂ ಎದುರು ಬಂದವರ ಕೈ ಹಿಡಿದು ಕುಲುಕಿ, “ಗುಡ್ ಗೇಮ್” ಎನ್ನುತ್ತಾ ಮುಂದೆ ಹೋಗುತ್ತಿದ್ದರು. ಒಂದು ಗಂಟೆ ಹೊತ್ತು ತಳ್ಳಾಡಿದವರು, ಸ್ಟಿಕ್ಕಿನಿಂದ ಕಾಲಿಗೆ ಬಡಿದುಕೊಂಡವರು, ಗೆದ್ದವರು, ಸೋತವರು, ಎಲ್ಲರೂ. ಬೆವರಿದ ಕೈಗಳು ಒಂದರ ಹಿಂದೆ ಒಂದು ಅಮೂಲ್ಯಾಳ ಕೈಗೆ ಬಂದವು. ಯಾರಿಗೆ ಯಾರ ಕಾಲು ಎಷ್ಟು ಸಲ ತಾಗಿತ್ತೋ. ಈಗ ಎಲ್ಲರೂ ಎಲ್ಲರನ್ನೂ ಮುಟ್ಟಿ ಮುಂದೆ ಹೋಗುತ್ತಿದ್ದರು.

ವೆಸ್ಲಿ ಅವಳ ಕೈಯನ್ನು ಎರಡು ಸಲ ಕುಲುಕಿದ. “ನೀನು ಒದ್ದಿದ್ದು ಏನೂ ನೋವಾಗ್ಲಿಲ್ಲ,” ಎಂದ. “ಸ್ವಲ್ಪ ಆಯ್ತು,” ಎಂದು ಆಮೇಲೆ ಸೇರಿಸಿದ.

ಸಾಲು ಮುಗಿದ ಮೇಲೆ ಡಗ್ ಅಂಕಲ್ ಟೋಪಿಗಳ ಚೀಲ ಹಿಡಿದು ನಿಟ್ಟುಸಿರು ಬಿಟ್ಟರು. ತಮಗೊಂದು ತೆಗೆದುಕೊಂಡರು. ನೋರಾಗೊಂದು ಕೊಟ್ಟರು. ಹೀಗೆ ಕೊಡುತ್ತಾ ಬಂದು ಅಮೂಲ್ಯಾಳ ತಲೆಯ ಮೇಲೂ ನಕ್ಷತ್ರದ ಟೋಪಿಯೊಂದನ್ನು ಇಟ್ಟರು.

“ನಂಗೂನಾ?”

“ಮತ್ತೆ? ನೀನೂ ಸೋತಿದ್ದೀಯಲ್ಲ ನಮ್ಮ ಜೊತೆ,” ಎಂದಳು ನೋರಾ. “ನಾಳೆ ಇಡೀ ದಿನ ಹಾಕ್ಕೊಂಡಿರ್ಬೇಕು. ಸ್ಕೂಲಿನ ಅಂಗಳದಲ್ಲಿ ಎಲ್ಲರೂ ನಗ್ತಾರೆ. ಒಬ್ಬಳೇ ಇದ್ರೆ ಬೇಜಾರು, ಇಬ್ಬರಿದ್ರೆ ಪರವಾಗಿಲ್ಲ. ಮುಂದಿನ ವರ್ಷ ಕಣ್ಣು ಬಿಟ್ಕೊಂಡು ಮುಟ್ಟೋದು ಪ್ರಾಕ್ಟೀಸ್ ಮಾಡು.”

ಟೋಪಿ ದೊಡ್ಡದಾಗಿತ್ತು, ಕಿವಿಯವರೆಗೆ ಇಳಿಯಿತು. ಅಮೂಲ್ಯಾ ಅದನ್ನು ಸರಿಮಾಡಿಕೊಳ್ಳಲಿಲ್ಲ. ‘ಲೆಕ್ಕಕ್ಕುಂಟು’ ಎಂದು ನೋರಾ ಕೆಂಪಗಾಗಿ ಜಗಳವಾಡಿದ್ದು ಯಾರ ಪರವಾಗಿ ಎಂದು ಅವಳಿಗೆ ಈಗ ಗೊತ್ತಾಯಿತು.

ಅತ್ತ ಅಜ್ಜಿ ಒಬ್ಬರೇ ಕುಳಿತಿದ್ದರು. ಡಬ್ಬಿ ಇನ್ನೂ ಮುಚ್ಚಿಯೇ ಇತ್ತು.

ಅಮೂಲ್ಯಾ ನಿಧಾನವಾಗಿ ನಡೆದು ಹೋಗಿ ಅವರ ಮುಂದೆ ಬಗ್ಗಿದಳು. ಅಜ್ಜಿಯ ಬಿಳಿ ಶೂ ಮುಟ್ಟಿ, ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಈ ಸಲ ಕೈ ತಾನಾಗಿ ಹೋದದ್ದಲ್ಲ.

“ಯಾಕೇ? ಕಾಲು ತಾಗಿಸಿದ್ಯಾ?” ಎಂದು ಕೇಳಿದರು ಅಜ್ಜಿ.

“ಹೂಂ.”

“ಯಾವಾಗ?”

“ಆಗ್ಲೇ,” ಎಂದಳು ಅಮೂಲ್ಯಾ. ಅವಳ ಧ್ವನಿ ಕೇಳಿಸದಷ್ಟು ಸಣ್ಣದಾಗಿತ್ತು. “ಜೋರಾಗೇ ತಾಗ್ತು.”

ಅಜ್ಜಿ ಟೋಪಿಯ ಅಂಚನ್ನು ಮೇಲಕ್ಕೆತ್ತಿ ಮೊಮ್ಮಗಳ ಮುಖ ನೋಡಿದರು. ಆಮೇಲೆ ಡಬ್ಬಿಯನ್ನು ಎಡಗೈಗೆ ಬದಲಾಯಿಸಿ, ಸೆರಗಿಗೆ ಬಲಗೈ ಒರೆಸಿಕೊಂಡು, ಆಗ ಸಾಲಿನಲ್ಲಿ ಎಲ್ಲರೂ ಮಾಡಿದಂತೆ ಕೈಯನ್ನು ಮುಂದೆ ಚಾಚಿದರು.

“ಗುಡ್ ಗೇಮ್,” ಎಂದರು.